ತೀರ್ಥಕೆರೆಗೆ ಕೊಳಚೆ ಸೇರುವುದನ್ನು ನಿಲ್ಲಿಸಿ, ‘ಚರ್ಮರೋಗ ನಿವಾರಕ ಜಲ’ ಎಂಬ ಫಲಕವನ್ನು ತೆಗೆಸುವ ಬಗ್ಗೆ ಐದನೆಯ ಮನವಿ

ಗೆ,
ಮಾನ್ಯ ಅಧಿಕಾರಿಗಳು,
ಸ್ಥಳೀಯಾಡಳಿತ, ಮಂಗಳೂರು

ಮಾನ್ಯರೇ,

ಮೇಲ್ಕಾಣಿಸಿದ ವಿಷಯವಾಗಿ ನಿವಾಸಿಗಳಾದ ನಾವು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಮೊದಲ ಮನವಿಗೆ ಸ್ವೀಕೃತಿಯ ಮುದ್ರೆಯಲ್ಲದೆ ಬೇರೇನೂ ದೊರೆಯಲಿಲ್ಲ. ಎರಡನೆಯದು ಒಳಚರಂಡಿ ವಿಭಾಗದಿಂದ ಆರೋಗ್ಯ ವಿಭಾಗಕ್ಕೂ ಅಲ್ಲಿಂದ ಪುನಃ ಒಳಚರಂಡಿ ವಿಭಾಗಕ್ಕೂ ಪ್ರವಾಸ ಮಾಡಿತು. ಮೂರನೆಯದಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಿದ ದೂರನ್ನು ಸ್ಥಳಕ್ಕೆ ಯಾರೂ ಬಾರದೆಯೇ ‘ಪರಿಹರಿಸಲಾಗಿದೆ’ ಎಂದು ಮುಕ್ತಾಯಗೊಳಿಸಲಾಯಿತು. ಆ ಸಂದೇಶ ಬಂದ ದಿನವೇ ಮ್ಯಾನ್‌ಹೋಲ್ ಉಕ್ಕಿ ಕೆರೆಗೆ ಹರಿದಿತ್ತು. ನಾಲ್ಕನೆಯದಕ್ಕೆ ಬಂದ ಇಂಜಿನಿಯರರು ಮೊಬೈಲಿನಲ್ಲಿ ಫೋಟೊ ತೆಗೆದು, ‘ಮಳೆಗಾಲ ಮುಗಿಯಲಿ’ ಎಂದು ಹೇಳಿ ಹೋದರು. ಬಳಿಕ ಎರಡು ಮಳೆಗಾಲಗಳು ಮುಗಿದಿವೆ.

ಈ ನಡುವೆ ತಮ್ಮ ಕಡೆಯಿಂದ ಆದ ಏಕೈಕ ಕೆಲಸವೆಂದರೆ ಕೆರೆಯ ದಂಡೆಯಲ್ಲಿ ಎದ್ದುನಿಂತಿರುವ ‘ಆರೋಗ್ಯ ಪ್ರವಾಸೋದ್ಯಮ ತಾಣ’ದ ಫಲಕ. ಈ ನೀರಿನಲ್ಲಿ ಚರ್ಮರೋಗ ಗುಣಪಡಿಸುವ ಖನಿಜಗಳಿವೆ ಎಂದು ಅದರಲ್ಲಿ ಬರೆಸಿರುವುದಕ್ಕೆ ಆಧಾರವೇನೆಂದು ಕೇಳಿದರೆ ಉತ್ತರವಿಲ್ಲ. ಮುರಕಲ್ಲಿನ ಗುಡ್ಡದಲ್ಲಿ ಇಂಗಿದ ಮಳೆನೀರು, ನೀರನ್ನು ಸುಲಭವಾಗಿ ಕೆಳಗಿಳಿಯಗೊಡದ ಶೇಡಿಮಣ್ಣಿನ ಪದರವನ್ನು ಮುಟ್ಟಿ ಇಲ್ಲಿ ಒರತೆಯಾಗಿ ಹೊರಡುತ್ತದೆ. ಇಂತಹ ತಣ್ಣೀರಿನಲ್ಲಿ ಲವಣಾಂಶವೇ ತೀರಾ ಕಡಿಮೆ. ಬಿಸಿನೀರಿನ ಬುಗ್ಗೆ ಬೇಕಿದ್ದವರು ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥಕ್ಕೆ ಹೋಗಬೇಕು. ಸೋರಿಯಾಸಿಸ್ ಎಂಬ ಚರ್ಮರೋಗ ಇರುವವರು ಹೋಗುವ ಮೃತ ಸಮುದ್ರದಲ್ಲಿ ಲೀಟರಿಗೆ 300 ಗ್ರಾಂಗೂ ಮಿಕ್ಕಿ ಲವಣವಿದೆ, ಅಲ್ಲಿನ ಬಿಸಿಲೂ ಚಿಕಿತ್ಸೆಯ ಭಾಗವೇ ಆಗಿದೆ, ಮತ್ತು ಅವರು ವಾರಗಟ್ಟಲೆ ಅಲ್ಲಿ ಉಳಿಯುತ್ತಾರೆ. ಇಲ್ಲಿಗೆ ಬಂದವರು ಅರ್ಧ ಗಂಟೆ ಮುಳುಗೆದ್ದು ಕೊಳಚೆಯನ್ನೇ ಮೈಗೆ ಹಚ್ಚಿಕೊಂಡು ಹೋಗುತ್ತಿದ್ದಾರೆ.

ಆಟಿ ಅಮಾವಾಸ್ಯೆಗೆ ನಮ್ಮ ಹಿರಿಯರು ಮಿಂದ ಕೆರೆ ಇದು. ನಂಬಿಕೆಯ ಮೇಲೆ ನಮ್ಮ ತಕರಾರಿಲ್ಲ. ನಂಬಿಕೆ ನಮ್ಮದು, ಫಲಕ ತಮ್ಮದು. ಅದನ್ನು ಓದಿ ನಂಬಿ, ಕೆರೆದು ಹುಣ್ಣಾದ, ಬಿರುಕುಬಿಟ್ಟ ಚರ್ಮದ ಮಕ್ಕಳನ್ನು ದೂರದ ಊರುಗಳಿಂದ ಕರೆತರುವ ತಾಯಂದಿರಿಗೆ, ಆ ಬಿರುಕುಗಳ ಮೂಲಕವೇ ಸೋಂಕು ಒಳಸೇರುತ್ತದೆಂದು ಹೇಳುವ ಕೆಲಸ ಪ್ರತಿ ಭಾನುವಾರ ನಮ್ಮ ಪಾಲಿಗೆ ಬಂದಿದೆ. ಕೆಲವರು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗಿ ಕುಡಿಯುವುದೂ ಉಂಟು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರಿನಲ್ಲಿ ಇ. ಕೊಲಿ (ನೀರಿಗೆ ಮಲ ಸೇರಿರುವುದನ್ನು ತೋರಿಸುವ ಬ್ಯಾಕ್ಟೀರಿಯಾ) ಪತ್ತೆಯೇ ಆಗಬಾರದು. ಈ ಕೆರೆಯ ನೀರನ್ನು ಒಮ್ಮೆಯಾದರೂ ಪರೀಕ್ಷೆಗೆ ಕಳುಹಿಸಿದ್ದರೆ ವರದಿಯನ್ನು ಅದೇ ಫಲಕದ ಕೆಳಗೆ ಅಂಟಿಸಲಿ.

ಬಟ್ಟೆ ಬದಲಾಯಿಸಲು ಮರೆಯಿಲ್ಲದೆ ಹೆಂಗಸರು ನಮ್ಮ ಮನೆಗಳ ಬಾಗಿಲು ತಟ್ಟುತ್ತಾರೆ, ಶಾಂಪೂ ಪೊಟ್ಟಣಗಳು ತೋಡನ್ನು ಮುಚ್ಚಿವೆ, ಬೀದಿದೀಪ ಉರಿಯುವುದಿಲ್ಲ, ಅಡ್ಡಾದಿಡ್ಡಿ ನಿಂತ ಪ್ರವಾಸಿ ವಾಹನಗಳಿಂದಾಗಿ ಕಳೆದ ತಿಂಗಳು ಆಂಬುಲೆನ್ಸ್ ಓಣಿಯ ಬಾಯಲ್ಲೇ ನಿಂತಿತು. ಅವೆಲ್ಲವೂ ಬೇಗ ಸರಿಯಾಗಬೇಕು. ಆದರೆ ಮೊದಲು ಮ್ಯಾನ್‌ಹೋಲ್ ದುರಸ್ತಿಯಾಗಲಿ, ನೀರಿನ ಪರೀಕ್ಷೆಯಾಗಲಿ, ಅಲ್ಲಿಯವರೆಗೆ ಫಲಕವನ್ನು ಕಿತ್ತು ‘ಸ್ನಾನಕ್ಕೆ ಯೋಗ್ಯವಲ್ಲ’ ಎಂದು ಬರೆಸಬೇಕಾಗಿ ವಿನಂತಿ.

ಹಿಂದಿನ ನಾಲ್ಕೂ ಮನವಿಗಳ ಪ್ರತಿಗಳನ್ನು ಲಗತ್ತಿಸಿದ್ದೇವೆ. ಅವು ಕಡತದಲ್ಲಿ ಸಿಗುತ್ತಿಲ್ಲವೆಂದು ಕಳೆದ ಬಾರಿ ತಮ್ಮ ಕಚೇರಿಯಲ್ಲೇ ತಿಳಿಸಲಾಗಿತ್ತು.

ಇತಿ,
ತೀರ್ಥಕೆರೆ ಸುತ್ತಲಿನ ನಿವಾಸಿಗಳು