ದೋಸ್ತನಿಗೆ: ಆ ಮೂರನೇ ಕೂಸಿನ ವಿಷಯ

ದೋಸ್ತ,

ಬೀದರಿಗೆ ಮಳೆ ಹಿಡಿದು ನಾಲ್ಕು ದಿನ ಆಯ್ತು. ಕೆಂಪು ಮಣ್ಣು ಚಪ್ಪಲಿಗೆ ಅಂಟಿಕೊಂಡು ಮನೆತನಕ ಬರ್ತದೆ. ನಿನ್ನೆ ಚೌಬಾರಾ ದಾಟುವಾಗ ನಿನ್ನ ಛತ್ರಿ ನೆನಪಾಯ್ತು. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ.

ಹೋದ ಸಲ ಫೋನಿನಲ್ಲಿ "ಯಾಕ, ದನಿ ಇಳದದ?" ಅಂತ ಕೇಳಿದ್ದಿ. ನೆಗಡಿ ಅಂದೆ. ನೆಗಡಿ ಇರಲಿಲ್ಲ. ನಿನಗೊಬ್ಬನಿಗೇ ಬರೆಯಬಹುದಿತ್ತು, ಆದರೆ ಈ ವಿಷಯವನ್ನು ನಮ್ಮ ಚರ್ಚಿನ ಸಭೆಯ ಹೆಂಗಸರು ಅಡಿಗೆಮನೆಯಲ್ಲಿ ಪಿಸುಗುಡ್ತಾರೆ, ಗಂಡಸರು ಎತ್ತೋದೇ ಇಲ್ಲ. ಅದಕ್ಕೇ ನಾಲ್ಕು ಜನ ಓದುವ ಕಡೆ ಹಾಕ್ತಿದ್ದೀನಿ. ನಿನ್ನ ವೈನಿಗೆ ಓದಿ ಹೇಳಿದ್ದೀನಿ. "ಹಾಕ್ರಿ" ಅಂದಳು.

ಜನವರಿಯಲ್ಲಿ ಅವಳು ಮತ್ತೆ ಬಸುರಿ ಅಂತ ಗೊತ್ತಾಯ್ತು. ಮೊದಲಿನ ಎರಡೂ ಸಿಜೇರಿಯನ್. ರಕ್ತ ಎಂಟಕ್ಕೆ ಇಳಿದಿತ್ತು. ಅವ್ವ "ದೇವರು ಕೊಟ್ಟಾನ, ಒಲ್ಲೆ ಅನಬ್ಯಾಡ್ರಿ" ಅಂದಳು. ನಾನೂ ದೇವರ ಚಿತ್ತ ಅಂದೆ. ಆ ಮಾತು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತು ಅಂದರೆ, ಹಿಂದಿನ ನಾಲ್ಕು ವರ್ಷ ನಾವಿಬ್ಬರೂ ಕೂತು ಒಂದು ದಿನವೂ ಇದರ ಬಗ್ಗೆ ಮಾತಾಡಿರಲಿಲ್ಲ ಅನ್ನೋದೇ ಮರೆತುಹೋಯ್ತು.

ಮಾರ್ಚಿಯಲ್ಲಿ ಕೂಸು ಉಳಿಯಲಿಲ್ಲ.

ಮೂರನೇ ದಿನ ನರ್ಸಮ್ಮ ಬಂದು, ಇನ್ನು ಆಪರೇಷನ್ ಮಾಡಿಸ್ಕೊಂಡುಬಿಡ್ರಿ ಅಂದರು. ಕೇಳಿದ್ದು ಅವಳನ್ನ. ನಾನು ಅಲ್ಲೇ ಮಂಚದ ಪಕ್ಕ ಫ್ಲಾಸ್ಕ್ ಹಿಡಿದು ನಿಂತಿದ್ದೆ, ನನ್ನ ಕಡೆ ನೋಡಲೂ ಇಲ್ಲ. ಅವರ ತಪ್ಪಲ್ಲ ಬಿಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿದೆ: ದೇಶದಲ್ಲಿ ಮದುವೆಯಾದವರ ಪೈಕಿ ಹೆಂಗಸರ ಆಪರೇಷನ್ 37.9 ಶೇಕಡಾ, ಗಂಡಸರದು 0.3. ಗಂಡಸರದು ಸಣ್ಣ ಕೆಲಸ. ಹೊಲಿಗೆ ಇಲ್ಲ, ಅವತ್ತೇ ಮನೆಗೆ ಬರಬಹುದು. ಮೂರು ತಿಂಗಳು ಬೇರೆ ಸಾಧನ ಬಳಸಿ, ಆಮೇಲೆ ಒಂದು ಟೆಸ್ಟ್ ಮಾಡಿಸಬೇಕು, ಅಷ್ಟೇ. "ನಾನೇ ಮಾಡಿಸ್ಕೋತೀನಿ" ಅಂದೆ.

ಅವಳು ಸುಮ್ಮನಿದ್ದು ಅಂದಳು: "ನನಗ ಮಾಡಿದ್ರೂ ನಿಮಗ ಮಾಡಿದ್ರೂ ಅದು ಒಂದೇ ಅಂತ ನನಗ ಕಲ್ಸ್ಯಾರ."

ಮದುವೆಯಾಗಿ ನಮ್ಮ ಮೆಥೋಡಿಸ್ಟ್ ಸಭೆಗೆ ಬಂದಳು ನಿಜ, ಹುಟ್ಟಿದ್ದು ಕಥೋಲಿಕ ಮನೆಯಲ್ಲಿ. ಒಂಬತ್ತು ವರ್ಷ ಒಂದೇ ಬೆಂಚಿನ ಹಾಡು ಹಾಡಿದೆವು ಅಂತ ಅವಳ ಮನಸ್ಸಿನಲ್ಲಿರೋದು ನನಗೆ ಗೊತ್ತು ಅಂದುಕೊಂಡಿದ್ದೆ. ಅಂದಿನಿಂದ ರಾತ್ರಿ ಕೂತು ಓದಲು ಶುರು ಮಾಡಿದೆ. 1930ರಲ್ಲಿ ಆಂಗ್ಲಿಕನ್ ಬಿಷಪ್ಪರು ಲ್ಯಾಂಬೆತ್ ಸಭೆಯಲ್ಲಿ ಗರ್ಭನಿರೋಧಕ್ಕೆ ಮೊದಲ ಸಲ, ಷರತ್ತಿನ ಮೇಲೆ, ಬಾಗಿಲು ತೆರೆದರು. ಅದೇ ವರ್ಷದ ಕೊನೇ ದಿನ ಪೋಪ್ ಹನ್ನೊಂದನೇ ಪಿಯುಸ್ ಕೂಡದು ಅಂದರು. ನಮ್ಮ ಕಡೆ ಆಗ ನಿಜಾಮನ ಆಳ್ವಿಕೆ. ಅತ್ತ ಮೈಸೂರು ಸಂಸ್ಥಾನದವರು ಅದೇ 1930ರಲ್ಲಿ ಇದಕ್ಕೆಂದೇ ಸರಕಾರಿ ಕ್ಲಿನಿಕ್ ತೆರೆಯಲು ಹೊರಟಿದ್ದರು. 1968ರ ಜುಲೈಯಲ್ಲಿ ಪೋಪ್ ಆರನೇ ಪೌಲ್ ಪರಿಪತ್ರ ಹೊರಡಿಸಿದರು. ಇದನ್ನ ವಿಚಾರಿಸಲು ಇದ್ದ ಅವರ ಆಯೋಗದಲ್ಲೇ ಹೆಚ್ಚಿನವರು ನಿಯಮ ಬದಲಿಸಿ ಅಂದಿದ್ದರು, ಅವರು ಬದಲಿಸಲಿಲ್ಲ. ಮಾತ್ರೆ ಬೇಡ, ಗಂಡನಿಗಾಗಲಿ ಹೆಂಡತಿಗಾಗಲಿ ಆಪರೇಷನ್ ಬೇಡ.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ, ಅದು ನನ್ನನ್ನ ಅಲ್ಲೇ ಕೂರಿಸಿಬಿಟ್ಟಿತು. ಹೆತ್ತವರಾಗೋದು ಹೊಣೆಯರಿತು ಮಾಡುವ ಕೆಲಸ. ದೇಹಸ್ಥಿತಿ, ಮನೆಯ ಸ್ಥಿತಿ ನೋಡಿ ಸದ್ಯಕ್ಕೆ ಮಗು ಬೇಡ ಅಂತ ದಂಪತಿ ತೀರ್ಮಾನಿಸಬಹುದು, ಗರ್ಭ ನಿಲ್ಲದ ದಿನಗಳನ್ನ ನೋಡಿ ನಡೆಯಬಹುದು. ಅಂದರೆ ಅಷ್ಟು ಬಿಗಿಯಾದ ಸಭೆಯೂ ಬಂದಷ್ಟು ಬರಲಿ ಅನ್ನೋದಿಲ್ಲ. ಕೂತು ಯೋಚಿಸಿ ಅನ್ನುತ್ತದೆ. ನಮ್ಮ ಸಭೆ ಗಂಡ-ಹೆಂಡತಿಯ ಮನಸ್ಸಾಕ್ಷಿಗೆ ಬಿಡುತ್ತದೆ. ಎರಡೂ ಕಡೆ ಯೋಚಿಸಿರಿ ಅಂತಲೇ ಹೇಳಿದ್ದರು. ನಾನು ಎರಡರ ನಡುವಿನ ಸಂದಿಯಲ್ಲಿ ಬಚ್ಚಿಟ್ಟುಕೊಂಡು, ಅದಕ್ಕೆ ನಂಬಿಕೆ ಅಂತ ಹೆಸರಿಟ್ಟಿದ್ದೆ.

ಇಲ್ಲಿಗೆ ನಿಲ್ಲಿಸೋಣ ಅಂದುಕೊಂಡಿದ್ದೆ, ದೋಸ್ತ. ಆಗ್ತಿಲ್ಲ.

ಡಾಕ್ಟರಮ್ಮ ಹೊರಗೆ ಬಂದು "ಉಳೀಲಿಲ್ಲ" ಅಂದಾಗ ಮೊದಲು ನನ್ನ ಎದೆಯಿಂದ ಭಾರ ಇಳಿದಂಗಾಯ್ತು. ಬೆಂಚಿನ ಮೇಲೆ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಅಂದೆ. ಮೂರನೇ ಫೀಸು, ಇನ್ನೊಂದು ಖೋಲಿ, ಅವಳ ಹೊಟ್ಟೆಯ ಮೇಲೆ ಮೂರನೇ ಗೆರೆ, ಎಲ್ಲಾ ಒಂದೇ ಉಸಿರಿನಲ್ಲಿ ಹೋಯ್ತು. ಅಳು ಬಂದದ್ದು ಆಮೇಲೆ. ಮುಂದಿನ ಆದಿತ್ಯವಾರ ಸಭೆಯಲ್ಲಿ ಎದ್ದು ನಿಂತು, ದೇವರ ಚಿತ್ತಕ್ಕೆ ತಲೆಬಾಗಿದ್ದೀವಿ ಅಂದೆ. ಎಲ್ಲರೂ ಆಮೆನ್ ಅಂದರು. ಹೆಂಗಸರ ಕಡೆಯಿಂದ ಅವಳು ನನ್ನನ್ನೇ ನೋಡ್ತಿದ್ದಳು.

ಸುಸನ್ನಾ ವೆಸ್ಲಿ ಪ್ರಸಂಗ ನಾವಿಬ್ಬರೂ ಸಂಡೇ ಸ್ಕೂಲಿನಿಂದ ಕೇಳಿದ್ದು. ಹತ್ತೊಂಬತ್ತು ಹೆತ್ತ ತಾಯಿ, ನಮ್ಮ ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಹದಿನೈದನೆಯವರು, ಹದಿನಾಲ್ಕಕ್ಕೆ ನಿಲ್ಲಿಸಿದ್ದರೆ ನಾವೆಲ್ಲಿರ್ತಿದ್ದೆವು ಅಂತ. ಆ ಹತ್ತೊಂಬತ್ತರಲ್ಲಿ ಒಂಬತ್ತು ಹಸುಗೂಸಿದ್ದಾಗಲೇ ತೀರಿಹೋದವು. ಇಷ್ಟು ವರ್ಷ ಹದಿನೈದನೆಯವರನ್ನ ಎಣಿಸಿದೆ. ಆ ಒಂಬತ್ತನ್ನು ಮೊನ್ನೆ ಮೊದಲ ಸಲ ಎಣಿಸಿದೆ.

ಇದನ್ನೆಲ್ಲಾ ಅವಳಿಗೆ ಹೇಳಿದೆ, ಬೆಂಚಿನ ಮೇಲಿನ ಸ್ತೋತ್ರವನ್ನೂ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನನಗೂ ಸ್ವಲ್ಪ ಹಂಗೇ ಆಗಿತ್ತು" ಅಂದಳು. ಒಂಬತ್ತು ವರ್ಷದಲ್ಲಿ ಅಷ್ಟು ಹತ್ತಿರ ನಾವು ಯಾವತ್ತೂ ಕೂತಿರಲಿಲ್ಲ.

ಡಾಕ್ಟರಮ್ಮ ಸದ್ಯಕ್ಕೆ ಬೇಡವೇ ಬೇಡ ಅಂದಿದ್ದಾರೆ. ಆರು ತಿಂಗಳು ಅವಳ ದಾರಿ, ಅಂದರೆ ದಿನ ನೋಡಿ ನಡೆಯೋದು, ನಡೆದು ನೋಡೋಣ ಅಂತ ಒಪ್ಪಿದೆ. ಅದು ಆಪರೇಷನ್ನಿನಷ್ಟು ಖಾತ್ರಿ ಅಲ್ಲ, ಇಬ್ಬರಿಗೂ ಗೊತ್ತು. ಅನುಮಾನದ ದಿನ ನಾನು ಹೊರಗಿನ ಖೋಲಿಯಲ್ಲಿ. ಆರು ತಿಂಗಳಾದ ಮೇಲೆ ಮತ್ತೆ ಕೂರೋದು, ಆಗ ನನ್ನ ಆಪರೇಷನ್ ಮಾತೂ ಬರ್ತದೆ, ಅವಳೇ ಹೇಳಿದ್ದಾಳೆ.

ಆ ದಿನಗಳನ್ನ ಗುರುತಿಸೋಕೆ ಬೆಳಿಗ್ಗೆ ಐದೂವರೆಗೆ ಅವಳ ಮೈಶಾಖ ಥರ್ಮಾಮೀಟರಿನಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯೋದು ನನ್ನ ಕೆಲಸ. ದೊಡ್ಡ ಮಗಳು ನೋಡಿ, "ಮಮ್ಮಿಗೆ ಜ್ವರ ಇಲ್ಲಲಾ, ದಿನಾ ಯಾಕ ನೋಡ್ತೀರಿ?" ಅಂತ ಹಟ ಹಿಡಿದಿದ್ದಾಳೆ. ಆಕೆಗೂ ನೋಡಿ ಬರೆದೆ, ಅವಳ ಗೊಂಬೆಗೂ ನೋಡಿ ಬರೆದೆ. ಗೊಂಬೆಯದು ದಿನಾ ಒಂದೇ ಇದೆ ಅಂತ ಆಕೆಗೆ ಚಿಂತೆ.

ಕ್ರಿಸ್ಮಸ್ಸಿಗೆ ಬಾ, ಛತ್ರಿ ತಗೊಂಡು ಬರಬೇಡ. ಆ ಕೂಸಿಗೆ ನಿನ್ನ ವೈನಿ ಒಂದು ಹೆಸರಿಟ್ಟಿದ್ದಾಳೆ. ಅದನ್ನ ಇಲ್ಲಿ ಬರೆಯೋದು ಬೇಡ ಅಂದಳು. ಬಂದಾಗ ನಿನಗೆ ಹೇಳ್ತಾಳಂತೆ.

ನಿನ್ನ,
ಕೋಟೆ ಕಡೆಯವ