ತಿದ್ದುಪಡಿಯ ಆ ನಾಲ್ಕು ಸಾಲು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ, ಕೆಳಗಿನ ಮೂಲೆಯಲ್ಲಿ, ಒಂದು ತಿದ್ದುಪಡಿ ಬಂದಿತ್ತು. ಹಿಂದಿನ ದಿನ ಎರಡು ಫೋಟೊಗಳ ಕೆಳಗಿನ ಹೆಸರು ಅದಲುಬದಲಾಗಿತ್ತು, ಅದಕ್ಕೆ ವಿಷಾದಿಸುತ್ತೇವೆ ಅಂತ. ನಾಲ್ಕೇ ಸಾಲು. ಆ ತಪ್ಪನ್ನು ನಾನು ಗಮನಿಸಿಯೇ ಇರಲಿಲ್ಲ, ನೀವು ಸುಮ್ಮನಿದ್ದಿದ್ದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೂ ಹೇಳಿದಿರಿ. ಅದನ್ನು ಓದಿ ಪತ್ರಿಕೆಯ ಮೇಲಿನ ನಂಬಿಕೆ ಜಾಸ್ತಿಯೇ ಆಯಿತು. ಆದರೆ ಅದೇ ಕೆಲಸವನ್ನು ನಾವು ದಿನನಿತ್ಯದ ಬದುಕಿನಲ್ಲಿ ಯಾಕೆ ಮಾಡುವುದಿಲ್ಲ ಅನ್ನುವ ಪ್ರಶ್ನೆ ಆವತ್ತಿನಿಂದ ಬಿಟ್ಟಿಲ್ಲ. ಅದಕ್ಕೇ ಈ ಪತ್ರ.

ನಡೆಯುವಾಗ ಎಡವಿದವರನ್ನು ನೋಡಿ. ಮೊದಲು ಕಾಲು ನೋಡಿಕೊಳ್ಳುವುದಿಲ್ಲ, ಯಾರಾದರೂ ನೋಡಿದರಾ ಅಂತ ಸುತ್ತ ನೋಡುತ್ತಾರೆ. ಎದುರಿನವರು ಹೇಳಿದ್ದು ಕೇಳಿಸದಿದ್ದರೂ ತಲೆಯಾಡಿಸುತ್ತೇವೆ. ಹೆಸರು ಮರೆತಿರುತ್ತದೆ, ಹತ್ತು ನಿಮಿಷ ಹೆಸರು ಹಿಡಿಯದೆಯೇ ಮಾತು ಮುಗಿಸುತ್ತೇವೆ. ಮೆಸೇಜ್ ನೋಡಿ ಉತ್ತರಿಸಲು ಮರೆತು, ಆಮೇಲೆ 'ಈಗಷ್ಟೇ ನೋಡಿದೆ' ಅಂತ ಬರೆಯುತ್ತೇವೆ. ಇವೆಲ್ಲ ಯಾರಿಗೂ ನಷ್ಟ ಮಾಡದ ತಪ್ಪುಗಳು, ಒಪ್ಪುತ್ತೇನೆ. ಆದರೆ ತಿಪ್ಪೆ ಸಾರಿಸುವ ಅಭ್ಯಾಸ ಶುರುವಾಗುವುದೇ ಇಲ್ಲಿ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಲೆಕ್ಕದ ಪಟ್ಟಿ ಮಾಡಿ ಕೊಟ್ಟಿದ್ದೆ. ಒಟ್ಟು ಕೂಡುವಾಗ ಕೊನೆಯ ಸಾಲು ಬಿಟ್ಟುಹೋಗಿತ್ತು. ಸಂಜೆ ಗೊತ್ತಾಯಿತು. 'ಕ್ಷಮಿಸಿ, ಒಂದು ಸಾಲು ಬಿಟ್ಟಿದ್ದೆ, ಈ ಹೊಸ ಪಟ್ಟಿ ತೆಗೆದುಕೊಳ್ಳಿ' ಅಂತ ಎಲ್ಲರಿಗೂ ಬರೆದಿದ್ದರೆ ಮುಗಿಯುತ್ತಿತ್ತು, ಅಲ್ವಾ? ಬರೆಯಲಿಲ್ಲ. ಯಾರಿಗೂ ಹೇಳದೆ ಹಳೆಯ ಫೈಲ್ ತೆಗೆದು ಸರಿಯಾದದ್ದನ್ನು ಹಾಕಿದೆ. ಆದರೆ ಸಹೋದ್ಯೋಗಿಯೊಬ್ಬರು ಅಷ್ಟರಲ್ಲಿ ಹಳೆಯದನ್ನೇ ಪ್ರಿಂಟ್ ತೆಗೆದುಕೊಂಡಿದ್ದರು. ಮರುದಿನ ಮೀಟಿಂಗ್‌ನಲ್ಲಿ ಅವರ ಕೈಯಲ್ಲಿ ಒಂದು ಅಂಕಿ, ಉಳಿದವರ ಕೈಯಲ್ಲಿ ಇನ್ನೊಂದು. ಅವರು ತಡವರಿಸಿದರು. 'ನನ್ನದೇ ತಪ್ಪಿರಬೇಕು, ನೋಡುತ್ತೇನೆ' ಅಂದರು. ನಾನು ಅಲ್ಲೇ ಪಕ್ಕದಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ.

ಆ ರಾತ್ರಿ ಅವರು ತಮ್ಮ ಲೆಕ್ಕವನ್ನೆಲ್ಲ ಮೊದಲಿಂದ ಕೊನೆಯವರೆಗೆ ಮೂರು ಸಲ ಕೂಡಿ ನೋಡಿದ್ದರಂತೆ. ನನಗೆ ಇದು ತಿಳಿದದ್ದು ನಾಲ್ಕು ತಿಂಗಳಾದ ಮೇಲೆ, ನಾನು ಕೊನೆಗೂ ಹೋಗಿ ಹೇಳಿದಾಗ. ಆ ನಾಲ್ಕು ತಿಂಗಳು ಯಾರಾದರೂ 'ಪಟ್ಟಿ' ಅಂದರೆ ಸಾಕು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವರು ಬೈಯಲಿಲ್ಲ. 'ಅಷ್ಟೇನಾ? ಆವತ್ತೇ ಹೇಳಬಾರದಿತ್ತಾ?' ಅಂದರು. ಬಿಟ್ಟುಹೋದ ಆ ಸಾಲಿನ ಬಗ್ಗೆ ನನಗೆ ಈಗ ಒಂಚೂರೂ ನಾಚಿಕೆಯಿಲ್ಲ. ಪಕ್ಕದಲ್ಲಿ ಕೂತು ಸುಮ್ಮನಿದ್ದೆನಲ್ಲ, ಅದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನ್ನುವ ಲೆಕ್ಕವೇ ತಪ್ಪು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರವಾಗುವಂಥ ಚಿತ್ರವಿದ್ದ ಟಿ-ಶರ್ಟ್ ತೊಡಿಸಿ, ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಬೇರೆ ವಿದ್ಯಾರ್ಥಿಗಳಿದ್ದ ಕೋಣೆಗೆ ಕಳಿಸಿದರು. ಆ ಚಿತ್ರ ಯಾರದೆಂದು ಸುಮಾರು ಅರ್ಧದಷ್ಟು ಜನ ಹೇಳಬಲ್ಲರು ಅಂತ ತೊಟ್ಟವರು ಅಂದುಕೊಂಡರು. ನಿಜವಾಗಿ ಹೇಳಿದ್ದು ಕಾಲು ಭಾಗದಷ್ಟು ಜನ. ಉಳಿದವರಿಗೆ ಅವರವರದ್ದೇ ಯೋಚನೆ.

ಆದರೆ ಇದನ್ನು ಬರೀ ತಪ್ಪು ಮಾಡಿದವರ ಧೈರ್ಯದ ಪ್ರಶ್ನೆ ಅಂತ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಕೇಳಿಸಿಕೊಳ್ಳುವವರು ಹೇಗಿದ್ದಾರೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಒಂದು ಅಧ್ಯಯನ ಮಾಡಿದ್ದರು, ಅದು 1996ರಲ್ಲಿ ಪ್ರಕಟವಾಯಿತು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರು ಅಂದುಕೊಂಡಿದ್ದರು. ಸಿಕ್ಕಿದ್ದು ಉಲ್ಟಾ. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಆಮೇಲೆ ಹೊಳೆದದ್ದು ಇಷ್ಟು: ಆ ತಂಡದವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮಾಡಿದ್ದನ್ನು ಹೇಳುತ್ತಿದ್ದರು. ಹೇಳಿದರೆ ಮೈಮೇಲೆ ಬೀಳುವವರು ಅಲ್ಲಿರಲಿಲ್ಲ. ಹೆದರಿಸುವ ಮೇಲಧಿಕಾರಿ ಇದ್ದಲ್ಲಿ ತಪ್ಪು ಬರೆದಿಡುವ ಪುಸ್ತಕ ಶುಭ್ರವಾಗಿರುತ್ತದೆ, ಆದರೆ ಅಲ್ಲಿನ ರೋಗಿಯ ಗತಿ ಏನು?

ವಿಮಾನದವರು ಇದನ್ನು ಬೇಗ ಅರ್ಥ ಮಾಡಿಕೊಂಡರು. ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. ಪೈಲಟ್ ಆಗಲಿ, ಮೆಕ್ಯಾನಿಕ್ ಆಗಲಿ, ತಮ್ಮಿಂದಾದ ತಪ್ಪನ್ನು ಬರೆದು ಕಳಿಸಬಹುದು. ಹೆಸರು ಅಳಿಸಿ ವಿಷಯವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಬೇಕೆಂದು ಮಾಡಿದ್ದಲ್ಲದಿದ್ದರೆ, ಅಪರಾಧವೋ ಅಪಘಾತವೋ ಅಲ್ಲದಿದ್ದರೆ, 10 ದಿನದೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡ ಹಾಕುವುದಿಲ್ಲ. ಪ್ರಾಣದ ಪ್ರಶ್ನೆಯಿರುವ ಕೆಲಸದಲ್ಲೇ ಹೀಗೆ ಮಾಡಬಹುದಾದರೆ, ನಮ್ಮ ಮನೆ, ಆಫೀಸು, ತರಗತಿಗಳಲ್ಲಿ ಯಾಕಾಗದು?

ಮನೆಯಲ್ಲಿ ಏನಾದರೂ ಒಡೆದ ಸದ್ದು ಕೇಳಿದರೆ ನಮ್ಮ ಮೊದಲ ಮಾತು 'ಯಾರದು ಒಡೆದದ್ದು?' ಆ ದನಿಗೇ ಮಗು ಚೂರುಗಳನ್ನು ಮಂಚದ ಕೆಳಗೆ ತಳ್ಳುತ್ತದೆ, ಕೈ ಕುಯ್ದುಕೊಂಡರೂ ತೋರಿಸುವುದಿಲ್ಲ. 'ಪೆಟ್ಟಾಯ್ತಾ?' ಅಂತ ಮೊದಲು ಕೇಳಿ ನೋಡಿ. ಮಗು ತಾನಾಗಿಯೇ ಹೇಳುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ದೊಡ್ಡವರು ಎನಿಸಿಕೊಂಡವರು ಮೊದಲು ಹೇಳಿದರೆ ಉಳಿದವರಿಗೆ ಸುಲಭ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಆರ್ನಲ್ಡ್, 2020ರ ಜನವರಿಯಲ್ಲಿ ತಮ್ಮ ಒಂದು ಸಂಶೋಧನಾ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡರು. ಅದರಲ್ಲಿನ ಫಲಿತಾಂಶ ಮತ್ತೆ ಮಾಡಿ ನೋಡಿದಾಗ ಬರಲಿಲ್ಲ. ತಮ್ಮ ಕೆಲಸವನ್ನು ಸರಿಯಾಗಿ ಮಾಡಲಿಲ್ಲ ಅಂತ ಅವರೇ ಟ್ವಿಟರ್‌ನಲ್ಲಿ ಎಲ್ಲರೆದುರು ಕ್ಷಮೆ ಕೇಳಿದರು. ಆ ಮಾತಿನಲ್ಲಿ ಬೇರೆ ಯಾರ ಮೇಲೂ ತಪ್ಪು ಹೊರಿಸಲಿಲ್ಲ.

ಸಂಪಾದಕರೇ, ನಿಮ್ಮಲ್ಲಿ ಒಂದೇ ಕೋರಿಕೆ. ಇಂಥ ತಿದ್ದುಪಡಿಗಳನ್ನು ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಬೇಡಿ. ಮುಖಪುಟದಲ್ಲಿ ತಪ್ಪಿದ್ದರೆ ಮುಖಪುಟದಲ್ಲೇ ಬರಲಿ, ಉಳಿದ ಸುದ್ದಿಯಷ್ಟೇ ದೊಡ್ಡ ಅಕ್ಷರದಲ್ಲಿ. ನಿಮ್ಮ ತಿದ್ದುಪಡಿ ಬಂದ ವಾರವೇ ನಾನೂ ಆ ಹಳೆಯ ಪಟ್ಟಿಯ ವಿಷಯವನ್ನು, ಆವತ್ತು ಮೀಟಿಂಗ್‌ನಲ್ಲಿದ್ದ ಉಳಿದವರಿಗೂ ಬರೆದು ಕಳಿಸಿದ್ದೇನೆ. ಇಬ್ಬರು ಉತ್ತರಿಸಿದ್ದಾರೆ. ಒಬ್ಬರಿಗೆ ಆ ಮೀಟಿಂಗೇ ನೆನಪಿಲ್ಲ. ಇನ್ನೊಬ್ಬರು ತಮ್ಮದೊಂದು ತಪ್ಪನ್ನು ಬರೆದಿದ್ದಾರೆ.

– ನಿಮ್ಮ ಓದುಗ