ಉಬ್ಬುವುದು ಮೊದಲು, ಗಾಳಿ ಆಮೇಲೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಉಸಿರಾಟದ ಬಗ್ಗೆ ಬಂದ ಲೇಖನ ಓದಿದೆ. ಬರಹ ಚೆನ್ನಾಗಿತ್ತು, ಆದರೆ ಜೊತೆಗಿದ್ದ ಚಿತ್ರ ನೋಡಿ ಸುಮ್ನೆ ಇರಲು ಆಗಲಿಲ್ಲ. ಮೂಗಿನಿಂದ ಒಳಗೆ ಒಂದು ಬಾಣ, ಬಾಣದ ತುದಿಯಲ್ಲಿ ಎರಡು ಬಲೂನು. ಗಾಳಿ ಒಳಗೆ ಹೋಗುತ್ತದೆ, ಅದರಿಂದ ಶ್ವಾಸಕೋಶ ಉಬ್ಬುತ್ತದೆ ಎಂದು ಕೆಳಗೆ ಬರೆದಿದ್ದೀರಿ. ಇದು ತಲೆಕೆಳಗು. ಮೊದಲು ಎದೆ ಹಿಗ್ಗುತ್ತದೆ, ಹಿಗ್ಗಿದ್ದಕ್ಕೇ ಗಾಳಿ ಬರುತ್ತದೆ.

ನಿಮ್ಮನ್ನು ಮಾತ್ರ ಯಾಕೆ ಅನ್ನಲಿ? ವಿಜ್ಞಾನದ ಮೇಷ್ಟ್ರಾಗಿ ನಾನೂ ಎಷ್ಟೋ ವರ್ಷ ಹೀಗೇ ಪಾಠ ಮಾಡಿದವನು. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಸಾರ್, ತಾನಾಗಿ ಉಬ್ಬೋಕೆ ಶ್ವಾಸಕೋಶಕ್ಕೆ ಸ್ನಾಯು ಇಲ್ಲ ಅಂದ್ರಿ, ಹಾಗಾದ್ರೆ ಗಾಳಿ ಎಳೆಯೋದು ಯಾರು?’ ಎಂದಳು. ಉತ್ತರ ಬಾಯಿಗೆ ಬರಲಿಲ್ಲ. ‘ನಾಳೆ ಹೇಳ್ತೀನಿ, ಕೂತ್ಕೊ’ ಅಂದೆ. ಆ ರಾತ್ರಿ ಓದಿಕೊಂಡದ್ದನ್ನೇ ಈಗ ನಿಮಗೂ ಬರೆಯುತ್ತಿದ್ದೇನೆ.

ಎಳೆಯುವುದು ವಪೆ. ಎದೆಗೂ ಹೊಟ್ಟೆಗೂ ನಡುವೆ, ಬಿಚ್ಚಿದ ಕೊಡೆಯ ಹಾಗೆ ಗುಮ್ಮಟವಾಗಿ ನಿಂತಿರುವ ತೆಳುವಾದ ಸ್ನಾಯು ಅದು. ಬಿಗಿದುಕೊಂಡಾಗ ಗುಮ್ಮಟ ಚಪ್ಪಟೆಯಾಗಿ ಕೆಳಗಿಳಿಯುತ್ತದೆ. ಸುಮ್ಮನೆ ಕೂತಿರುವಾಗ ಒಂದೆರಡು ಸೆಂಟಿಮೀಟರ್ ಅಷ್ಟೇ, ಪೂರ್ತಿ ಉಸಿರೆಳೆದರೆ 10 ಸೆಂಟಿಮೀಟರ್‌ವರೆಗೂ ಇಳಿಯಬಹುದು. ಅದೇ ಹೊತ್ತಿಗೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಪಕ್ಕೆಲುಬುಗಳನ್ನು ಮೇಲೆತ್ತುತ್ತವೆ. ಬಕೆಟ್ಟಿನ ಹಿಡಿ ಎತ್ತಿದಾಗ ಅದು ಪಕ್ಕಕ್ಕೆ ಚಾಚಿಕೊಳ್ಳುತ್ತದಲ್ಲ, ಹಾಗೆ. ಒಳಗಿನ ಜಾಗ ಜಾಸ್ತಿಯಾದಾಗ ಒತ್ತಡ ಇಳಿಯುತ್ತದೆ. ಇದು ರಾಬರ್ಟ್ ಬಾಯ್ಲ್ 1662ರಲ್ಲಿ ಕೊಟ್ಟ ನಿಯಮ. ಹೊರಗಿನ ಒತ್ತಡ ಜಾಸ್ತಿ ಇರುವುದರಿಂದ ಗಾಳಿ ತಾನಾಗಿ ನುಗ್ಗುತ್ತದೆ. ಕುಲುಮೆಯ ತಿದಿ ಮಾಡುವುದೂ ಇದನ್ನೇ. ತಿದಿಯನ್ನು ಅಗಲಿಸುವವರು ಅದರೊಳಗೆ ಗಾಳಿ ಊದುವುದಿಲ್ಲ ಅಲ್ವಾ? ಇಂಗ್ಲೆಂಡಿನ ಜಾನ್ ಮೇಯೊ 17ನೇ ಶತಮಾನದಲ್ಲೇ ಉಸಿರಾಟವನ್ನು ವಿವರಿಸಲು ಒಳಗೆ ಮೂತ್ರಕೋಶದ ಚೀಲ ಇಟ್ಟ ತಿದಿಯ ಮಾದರಿ ಬಳಸಿದ್ದರು. ನಾವು ಮಾತ್ರ ಇನ್ನೂ ಬಲೂನಿನಲ್ಲೇ ಇದ್ದೇವೆ.

ಇಷ್ಟಕ್ಕೆಲ್ಲ ಬೇಕಾದ ಒತ್ತಡದ ವ್ಯತ್ಯಾಸ ಎಷ್ಟು ಗೊತ್ತಾ? ಆರಾಮಾಗಿ ಉಸಿರಾಡುವಾಗ ಶ್ವಾಸಕೋಶದೊಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರದ ನೀರಿನಷ್ಟು ಮಾತ್ರ ಕಡಿಮೆಯಾಗುತ್ತದೆ. ಅಷ್ಟರಲ್ಲೇ ಅರ್ಧ ಲೀಟರ್ ಗಾಳಿ ಒಳಗೆ ಬಂದಿರುತ್ತದೆ.

ಎದೆಗೂಡು ಹಿಗ್ಗಿದರೆ ಶ್ವಾಸಕೋಶ ಯಾಕೆ ಜೊತೆಗೆ ಹಿಗ್ಗಬೇಕು? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ಶ್ವಾಸಕೋಶದ ಮೇಲೆ ಒಂದು ತೆಳು ಪೊರೆ, ಎದೆಗೂಡಿನ ಒಳಮೈಗೆ ಇನ್ನೊಂದು, ನಡುವೆ ಒಂದಿಷ್ಟೇ ಇಷ್ಟು ದ್ರವ. ಎರಡು ಗಾಜಿನ ಹಲಗೆಗಳ ನಡುವೆ ನೀರು ಹಾಕಿ ಒತ್ತಿ ನೋಡಿ. ಒಂದರ ಮೇಲೊಂದು ಜಾರುತ್ತವೆ, ಎಳೆದರೆ ಮಾತ್ರ ಬಿಡಿಸಿಕೊಳ್ಳುವುದಿಲ್ಲ. ಹಾಗೆಯೇ ಇದೂ. ಶ್ವಾಸಕೋಶಕ್ಕೆ ಯಾವಾಗಲೂ ಕುಗ್ಗುವ ಸ್ವಭಾವ, ಎದೆಗೂಡಿಗೆ ಹೊರಕ್ಕೆ ಚಿಮ್ಮುವ ಸ್ವಭಾವ, ಇವೆರಡರ ಜಗ್ಗಾಟದಲ್ಲಿ ನಡುವಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯೇ ಇರುತ್ತದೆ. ಗಾಯವಾಗಿ ಆ ಪೊರೆಗಳ ನಡುವೆ ಗಾಳಿ ಹೊಕ್ಕರೆ ಹಿಡಿತ ತಪ್ಪುತ್ತದೆ, ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಆಮೇಲೆ ವಪೆ ಎಷ್ಟು ಎಳೆದರೂ ಆ ಬದಿಯ ಶ್ವಾಸಕೋಶ ಸರಿಯಾಗಿ ಹಿಗ್ಗುವುದಿಲ್ಲ.

ಉಸಿರು ಬಿಡುವುದಕ್ಕೆ ಶ್ರಮವೇ ಇಲ್ಲ. ವಪೆ ಸಡಿಲವಾದರೆ ಸಾಕು, ಜಗ್ಗಿದ ರಬ್ಬರಿನಂತೆ ಶ್ವಾಸಕೋಶ ತಾನೇ ಹಿಂದಕ್ಕೆ ಬರುತ್ತದೆ. ಕೆಮ್ಮುವಾಗ, ಬಲೂನು ಊದುವಾಗ, ಹೀಗೆ ಜೋರಾಗಿ ಉಸಿರು ಬಿಡಬೇಕಾದಾಗ ಮಾತ್ರ ಹೊಟ್ಟೆಯ ಸ್ನಾಯುಗಳು ಬಲ ಹಾಕಬೇಕು.

ಇನ್ನು ‘ಹೊಟ್ಟೆಯ ತುಂಬ ಗಾಳಿ ತುಂಬಿಕೊಳ್ಳಿ’ ಎಂಬ ಸಲಹೆ. ಹೊಟ್ಟೆಗೆ ಗಾಳಿ ಹೋಗುವುದಿಲ್ಲ ಸ್ವಾಮಿ. ವಪೆ ಇಳಿದಾಗ ಕರುಳು, ಜಠರ ಎಲ್ಲ ಕೆಳಕ್ಕೆ ಒತ್ತಿಕೊಂಡು ಹೊಟ್ಟೆ ಮುಂದೆ ಬರುತ್ತದೆ, ಅಷ್ಟೇ. ಸಲಹೆ ತಪ್ಪಲ್ಲ, ಕಾರಣ ತಪ್ಪು. ಸರಿಯಾದ ಕಾರಣಕ್ಕೆ ಒಂದು ಸಣ್ಣ ಲೆಕ್ಕ ಇದೆ. ಒಂದು ಉಸಿರಿನ 500 ಮಿಲಿಲೀಟರ್ ಗಾಳಿಯಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವ ಪುಟ್ಟ ಗಾಳಿಚೀಲಗಳಿಗೆ ಮುಟ್ಟುವುದು 350. ನಿಮಿಷಕ್ಕೆ 12 ಸಲ ಹೀಗೆ ಉಸಿರಾಡಿದರೆ 4.2 ಲೀಟರ್ ಅಲ್ಲಿಗೆ ತಲುಪುತ್ತದೆ. ಅದೇ ಗಾಳಿಯನ್ನು 250ರಂತೆ 24 ಸಲ ಮೇಲುಮೇಲಕ್ಕೆ ಎಳೆದರೆ? ಎರಡರಲ್ಲೂ ಒಟ್ಟು 6 ಲೀಟರೇ, ಆದರೆ ಈಗ ಗಾಳಿಚೀಲಕ್ಕೆ ಮುಟ್ಟುವುದು 2.4 ಲೀಟರ್ ಮಾತ್ರ. ಏದುಸಿರು ದುಬಾರಿ.

ಸಿನಿಮಾಗಳಲ್ಲಿ ನಾಯಕ ಉದ್ದನೆಯ ಕೊಳವೆ ಬಾಯಲ್ಲಿಟ್ಟುಕೊಂಡು ಕೊಳದ ತಳದಲ್ಲಿ ಅಡಗಿ ಕೂರುವುದನ್ನೂ ಈ ಲೆಕ್ಕಕ್ಕೆ ಹಚ್ಚಿ ನೋಡಿ. ಒಂದು ಮೀಟರ್ ಆಳಕ್ಕೆ ಹೋದರೆ ಎದೆಯ ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ನೀರಿನ ಭಾರ, ಕೊಳವೆಯೊಳಗಿನ ಗಾಳಿ ಮಾತ್ರ ಮೇಲಿನ ಒತ್ತಡದಲ್ಲೇ ಇರುತ್ತದೆ. ಗಟ್ಟಿಮುಟ್ಟಾದವರು ಪೂರ್ತಿ ಬಲ ಹಾಕಿ ಉಸಿರೆಳೆದರೂ ಹುಟ್ಟುವ ಒತ್ತಡ ಸರಿಸುಮಾರು ಅಷ್ಟೇ, ಅದೂ ಒಂದೆರಡು ಕ್ಷಣ. ಕೊಳವೆಯಲ್ಲಿ ಉಳಿದ ಹಳೇ ಗಾಳಿಯ ಕಥೆ ಬೇರೆ. ಮಕ್ಕಳು ಇದನ್ನು ಮಾಡಿ ನೋಡಲು ಹೋಗಬಾರದು ಎಂದೇ ಬರೆಯುತ್ತಿದ್ದೇನೆ.

ಇನ್ನೊಂದು ತಕರಾರು ಇದೆ. ಜೋರಾಗಿ, ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ ಎಂದು ಲೇಖಕರು ಬರೆದಿದ್ದಾರೆ. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೊಗ್ಲೋಬಿನ್ ಸಾಮಾನ್ಯ ಉಸಿರಿನಲ್ಲೇ ಶೇ 95ಕ್ಕಿಂತ ಜಾಸ್ತಿ ತುಂಬಿರುತ್ತದೆ, ತುಂಬಲು ಉಳಿದಿರುವುದೇ ಸ್ವಲ್ಪ. ಜೋರಾಗಿ ಉಸಿರಾಡಿದರೆ ಖಾಲಿಯಾಗುವುದು ಇಂಗಾಲದ ಡೈಆಕ್ಸೈಡ್. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಉಸಿರಾಡು ಎಂದು ಮಿದುಳಿನ ಬುಡ ನಮ್ಮನ್ನು ಒತ್ತಾಯಿಸುವುದು ಮುಖ್ಯವಾಗಿ ಈ ಅನಿಲ ಏರಿದಾಗಲೇ, ಆಮ್ಲಜನಕ ಕಡಿಮೆಯಾದದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ. 1905ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ತೋರಿಸಿದ್ದು ಈ ಅನಿಲದ ಪಾತ್ರವನ್ನೇ. ಈಜುವ ಮುಂಚೆ ಹತ್ತಾರು ಸಲ ಜೋರಾಗಿ ಉಸಿರಾಡಿ ನೀರಿಗಿಳಿಯುವವರಿಗೆ ಉಸಿರು ಕಟ್ಟಿದ ಸಂಕಟವೇ ಬರದೆ, ನೀರೊಳಗೇ ಪ್ರಜ್ಞೆ ತಪ್ಪಿಬಿಡಬಹುದು. ಆಮ್ಲಜನಕ ತುಂಬಿ ತುಳುಕುವ ಆ ಸಾಲಿಗಾದರೂ ದಯವಿಟ್ಟು ತಿದ್ದುಪಡಿ ಹಾಕಿ.

ಚಿತ್ರವನ್ನೂ ಮತ್ತೊಮ್ಮೆ ಬರೆಸಿ. ಬಾಣ ಆಮೇಲೆ ಹಾಕಲಿ, ಮೊದಲು ಕೆಳಗೊಂದು ಗುಮ್ಮಟ ಬರೆಯಲು ನಿಮ್ಮ ಕಲಾವಿದರಿಗೆ ಹೇಳಿ. ಅಂದಹಾಗೆ, ಆ ಹುಡುಗಿ ಮರುದಿನ ಬಿಕ್ಕಳಿಕೆ ಯಾಕೆ ಬರುತ್ತದೆ ಎಂದು ಕೇಳಿದಳು. ಅದೂ ವಪೆಯದೇ ಕಿತಾಪತಿ. ಅದು ಇದ್ದಕ್ಕಿದ್ದಂತೆ ಬಿಗಿದು ಗಾಳಿ ನುಗ್ಗುವಾಗ ಧ್ವನಿಪೆಟ್ಟಿಗೆಯ ಬಾಯಿ ಪಟ್ಟನೆ ಮುಚ್ಚಿಕೊಳ್ಳುತ್ತದೆ, ‘ಹಿಕ್’ ಎನ್ನುವ ಸದ್ದು ಅದರದ್ದೇ. ಆ ಸಲ ನಾಳೆ ಹೇಳ್ತೀನಿ ಅನ್ನಬೇಕಾಗಲಿಲ್ಲ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ